ದಿನಾ ವಾಕಿಂಗ್ ಇತ್ತು, ಕಾಲಲ್ಲಿ ಬಲ ಇರಲಿಲ್ಲ: ಕಾರವಾರದ ಒಂದು ಪ್ರಕರಣ

ಈ ಪ್ರಕರಣದ ಅಮ್ಮನಿಗೆ 72 ವರ್ಷ, ತೂಕ 52 ಕಿಲೋ. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬಾಳಿದವರು. ಯಜಮಾನರು ತೀರಿಕೊಂಡ ಮೇಲೆ ಕಾರವಾರದಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ ಬಂದರು. ಮೂರನೇ ಮಹಡಿಯ ಫ್ಲ್ಯಾಟ್, ಲಿಫ್ಟ್ ಇದೆ. ಬಂದು ಮೂರು ವರ್ಷವಾಗಿತ್ತು. ಮಂಡಿ ನೋವು ಅಂತ ಡಾಕ್ಟರ ಹತ್ತಿರ ಹೋದಾಗ ಅವರು ಎಕ್ಸ್‌ರೇ ನೋಡಿ, ಸವೆತ ಅಷ್ಟೇನೂ ಇಲ್ಲ, ವ್ಯಾಯಾಮ ಕಲಿಯಿರಿ ಎಂದು ಕಳಿಸಿದರು. ನಾನು ಫಿಸಿಯೋಥೆರಪಿಸ್ಟ್, ಹೆಚ್ಚಾಗಿ ಮನೆಗಳಿಗೇ ಹೋಗಿ ಕೆಲಸ ಮಾಡುವವನು. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮಗನಿಗೆ ಅರ್ಥವಾಗದೇ ಇದ್ದದ್ದು ಒಂದೇ. "ಒಂದು ದಿನಾನೂ ವಾಕಿಂಗ್ ತಪ್ಪಿಸಲ್ಲ. ಆದರೂ ಯಾಕೆ ಹೀಗೆ?" ಅವರು ಹೇಳಿದ್ದು ನಿಜ. ಸಂಜೆ ಐದೂವರೆಗೆ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಅಮ್ಮ ಮುಕ್ಕಾಲು ಗಂಟೆ ನಡೆಯುತ್ತಿದ್ದರು. ಏದುಸಿರು ಬರುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಬಿಪಿಗೆ ಒಂದು ಮಾತ್ರೆ. ಹೊರಗಿನಿಂದ ನೋಡಿದವರು ಈ ವಯಸ್ಸಿಗೆ ಗಟ್ಟಿ ಇದ್ದಾರೆ ಅಂತಲೇ ಅನ್ನುತ್ತಿದ್ದರು.

ಅಮ್ಮನ ನಿಜವಾದ ದೂರು ಮಂಡಿ ನೋವಲ್ಲ. ಅದು ಎರಡನೇ ಸಲ ಹೋದಾಗ, ಮಗ ಆಫೀಸಿಗೆ ಹೊರಟ ಮೇಲೆ ಹೊರಬಂತು. ಊರಲ್ಲಿ ಒಂದು ಉಪನಯನಕ್ಕೆ ಹೋಗಿದ್ದರಂತೆ. ಎಲ್ಲರ ಜೊತೆ ಪಂಕ್ತಿಯಲ್ಲಿ ನೆಲಕ್ಕೆ ಕೂತರು. ಊಟ ಮುಗಿಯಿತು, ಏಳಲು ಆಗಲಿಲ್ಲ. ಕೈ ಊರಿದರು, ಪಕ್ಕಕ್ಕೆ ವಾಲಿದರು, ಆದರೂ ಆಗಲಿಲ್ಲ. ಕೊನೆಗೆ ಬಡಿಸುತ್ತಿದ್ದ ಹುಡುಗರಿಬ್ಬರು ರಟ್ಟೆ ಹಿಡಿದು ಎತ್ತಿದರು. ಅವತ್ತಿನಿಂದ ಅಮ್ಮ ಊರಿನ ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ಹೇಳಿದ ಕಾರಣ ಬೇರೆ: ದೇವಿಮನೆ ಘಟ್ಟದ ತಿರುವಿನಲ್ಲಿ ವಾಂತಿ ಬಂದ ಹಾಗಾಗುತ್ತೆ ಅಂತ. ನನ್ನ ಹತ್ತಿರ ಮಾತ್ರ "ವಯಸ್ಸಾತು, ಎಂತಾ ಮಾಡವು" ಅಂದು ಸುಮ್ಮನಾದರು.

ಅಳತೆ ಏನು ಹೇಳಿತು

ಈ ಪರೀಕ್ಷೆಗಳಿಗೆ ದೊಡ್ಡ ಯಂತ್ರವೇನೂ ಬೇಡ. ಕೈಯಿಲ್ಲದ ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸುವುದು ಮೊದಲನೆಯದು. ಅಮೆರಿಕದ ಆರೋಗ್ಯ ಇಲಾಖೆ ಬಳಸುವ ಪಟ್ಟಿಯಲ್ಲಿ 70ರಿಂದ 74 ವರ್ಷದ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಅಮ್ಮ ತೊಡೆಗೆ ಕೈ ಊರಿ ಆರು ಸಲ ಎದ್ದರು. ಕೈ ಊರಿದರೆ ನಿಯಮದ ಪ್ರಕಾರ ಅದು ಸೊನ್ನೆ.

ಎರಡನೆಯದು, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಎಚ್ಚರ ಬೇಕು. ಅಮ್ಮನಿಗೆ 15 ಹಿಡಿಯಿತು. ಮಜಾ ಅಂದ್ರೆ, ನಡಿಗೆ ಚುರುಕಾಗಿಯೇ ಇತ್ತು. ಸಮಯ ಹೋಗಿದ್ದು ಏಳುವಾಗ ಮತ್ತು ತಿರುಗುವಾಗ. ಮೂರನೆಯದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲುವುದು. 10 ಸೆಕೆಂಡ್ ನಿಲ್ಲಬೇಕು. ಅಮ್ಮ ನಾಲ್ಕಕ್ಕೇ ಗೋಡೆ ಹಿಡಿದರು.

ಮಲಗಿದ್ದಾಗ ಮತ್ತು ಎದ್ದು ನಿಂತ ಮೇಲೆ ಬಿಪಿ ನೋಡಿದೆ, ದೊಡ್ಡ ಇಳಿತ ಇರಲಿಲ್ಲ. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ವಿಚಾರ ಮಾತಾಡಬೇಕಾಗುತ್ತಿತ್ತು. ಪಾದದ ಸ್ಪರ್ಶ ಸ್ವಲ್ಪ ಮಂದ ಅನ್ನಿಸಿತು. ಅಪ್ಪಟ ಸಸ್ಯಾಹಾರಿ, ಹಾಲು ಕುಡಿಯುವುದನ್ನೂ ಬಿಟ್ಟಿದ್ದರು. ಹಾಗಾಗಿ ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿ ಅಂದೆ. ಕಡಿಮೆಯೇ ಇತ್ತು, ಡಾಕ್ಟರು ಔಷಧಿ ಶುರು ಮಾಡಿದರು. ಬಿ12 ಕಡಿಮೆಯಾದರೆ ನರಗಳು ಸೊರಗುತ್ತವೆ, ಪಾದ ನೆಲದ ಮೇಲೆ ಎಲ್ಲಿದೆ ಎಂಬ ಅಂದಾಜು ತಪ್ಪುತ್ತದೆ. ಅದನ್ನು ನೋಡದೆ ಬರೀ ಸಮತೋಲನದ ವ್ಯಾಯಾಮ ಮಾಡಿಸಿದರೆ ಅರ್ಧ ಶ್ರಮ ನೀರಿಗೆ.

ಮೂರು ವರ್ಷದಲ್ಲಿ ಕಳೆದುಹೋಗಿದ್ದು

ಇಂಥ ಕಡೆ ನಾನು ಕಾಯಿಲೆಯ ಇತಿಹಾಸಕ್ಕಿಂತ ದಿನಚರಿಯ ಇತಿಹಾಸ ಕೇಳುತ್ತೇನೆ. ಊರಲ್ಲಿದ್ದಾಗ ಬೆಳಿಗ್ಗೆ ಎದ್ದು ಏನು ಮಾಡ್ತಿದ್ದಿರಿ? ಅಮ್ಮ ಒಂದೊಂದೇ ಹೇಳುತ್ತಾ ಹೋದರು. ಕೊಟ್ಟಿಗೆಗೆ ಹೋಗಿ ಸಗಣಿ ಬಾಚುವುದು. ಕುಕ್ಕರಗಾಲಲ್ಲಿ ಕೂತು ಎರಡು ದನ ಕರೆಯುವುದು. ಬಾವಿಯಿಂದ ನೀರು ಸೇದಿ ಕೊಡಪಾನ ಹೊರುವುದು. ಅಂಗಳ ಗುಡಿಸುವುದು. ಅವರ ಕಡೆ ತೋಟ ಕಣಿವೆಯಲ್ಲಿ, ಮನೆ ಮೇಲೆ. ಒಂದು ಬಾಳೆಎಲೆ ಬೇಕೆಂದರೂ ಇಳಿದು ಹತ್ತಬೇಕು. ಬೇಸಿಗೆಯಲ್ಲಿ ಬೆಟ್ಟದಿಂದ ದರಕು, ಅಂದ್ರೆ ಒಣಗಿದ ಎಲೆ, ತರುವುದು. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತರ ತನಕ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವುದು. ಅಡುಗೆ, ಊಟ, ನಿದ್ದೆ, ಎಲ್ಲವೂ ನೆಲದ ಮಟ್ಟದಲ್ಲೇ.

ಕಾರವಾರದ ಮನೆಯಲ್ಲಿ? ಅಡುಗೆ ಕಟ್ಟೆ ಸೊಂಟದ ಎತ್ತರಕ್ಕೆ, ಊಟ ಟೇಬಲ್ಲಿನಲ್ಲಿ. ಶೌಚಾಲಯ ಕಮೋಡ್, ಮಲಗಲು ಮಂಚ, ಮೇಲೆ ಹೋಗಲು ಲಿಫ್ಟ್. ನೀರಿನ ಕ್ಯಾನ್ ತರುವುದು ಅಂಗಡಿಯ ಹುಡುಗ. ಅಮ್ಮ ಒಂದು ಚೀಲ ಎತ್ತಲು ಹೋದರೆ ಸೊಸೆ ಓಡಿ ಬಂದು ಕೈಯಿಂದ ತೆಗೆದುಕೊಳ್ಳುತ್ತಾರೆ. "ನೀವು ಇಷ್ಟು ವರ್ಷ ದುಡಿದದ್ದು ಸಾಕು." ಇದರಲ್ಲಿ ಪ್ರೀತಿ ಇದೆ, ಯಾರದ್ದೂ ತಪ್ಪಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮೊದಲು ದಿನಕ್ಕೆ ಎಷ್ಟೋ ಸಲ ನೆಲದಿಂದ ಏಳುತ್ತಿದ್ದವರು ಮೂರು ವರ್ಷದಲ್ಲಿ ನೆಲಕ್ಕೆ ಕೂತದ್ದೇ ಬೆರಳೆಣಿಕೆಯಷ್ಟು. ಉಳಿದದ್ದು ಸಮತಟ್ಟಾದ ಕಡಲತೀರದ ವಾಕಿಂಗ್ ಒಂದೇ.

ವಾಕಿಂಗನ್ನು ನಾನು ಬೈಯುತ್ತಿಲ್ಲ. ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ ಅದು ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಇಂಥ ಚಟುವಟಿಕೆ ಬೇಕು ಎಂದಿದೆ. ಅಮ್ಮ ಆ ಪಾಠದಲ್ಲಿ ಪೂರ್ತಿ ಪಾಸು. ನಮ್ಮ ಜನ ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಅದೇ ಸಲಹೆಯಲ್ಲಿ ಇನ್ನೂ ಎರಡು ಸಾಲು ಇವೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡೂ ಸೇರಿದ ಅಭ್ಯಾಸ.

ಸಮತಟ್ಟಾದ ನೆಲದಲ್ಲಿ ನಡೆಯುವಾಗ ಕೆಲಸ ಮಾಡುವುದು ಹೆಚ್ಚಾಗಿ ನಿಧಾನಕ್ಕೆ ದಣಿಯುವ ಸ್ನಾಯುವಿನ ನಾರುಗಳು. ಥಟ್ಟನೆ ಏಳಲು, ಎಡವಿದಾಗ ಕಾಲು ಮುಂದಿಟ್ಟು ಬೀಳುವುದನ್ನು ತಪ್ಪಿಸಿಕೊಳ್ಳಲು ಬೇಕಾಗುವ ವೇಗದ ನಾರುಗಳೇ ಬೇರೆ. ವಯಸ್ಸಾದ ಹಾಗೆ ಮೊದಲು ಸೊರಗುವುದು ಈ ಎರಡನೇ ಗುಂಪು. ಭಾರ ಬೀಳದೆ ಅವು ಎಚ್ಚರಗೊಳ್ಳುವುದಿಲ್ಲ. 2019ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 108 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ವ್ಯಾಯಾಮದಿಂದ ಹಿರಿಯರು ಬೀಳುವುದು ಸುಮಾರು 23% ಕಡಿಮೆಯಾಗಿತ್ತು. ಸಮತೋಲನ ಮತ್ತು ದಿನನಿತ್ಯದ ಚಲನೆಗಳ ಅಭ್ಯಾಸಕ್ಕೆ ಈ ಫಲ ಸ್ಪಷ್ಟವಾಗಿ ಕಂಡಿತು. ಬರೀ ನಡಿಗೆಯಿಂದ ಬೀಳುವುದು ಕಡಿಮೆಯಾಗುತ್ತದೆ ಎಂದು ಗಟ್ಟಿಯಾಗಿ ಹೇಳಲು ಆಧಾರ ಸಿಗಲಿಲ್ಲ. ಬರೀ ಭಾರ ಎತ್ತುವುದಕ್ಕೂ ಅಷ್ಟೇ. ಸಮತೋಲನದ ಅಭ್ಯಾಸದ ಜೊತೆ ಬಲದ ವ್ಯಾಯಾಮ ಬೆರೆಸಿದಾಗ ಬೀಳುವುದು ಕಡಿಮೆಯಾಗಿತ್ತು.

ಹಾಗಂತ ಹಳ್ಳಿಯ ದುಡಿಮೆಯನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ತಯಾರಿಲ್ಲ. ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಭಾರ ಹೊತ್ತವರ ಮಂಡಿ ಸವೆಯುವುದು ಜಾಸ್ತಿ. ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಬುಟ್ಟಿ ಹೊರುವ, ಅಮ್ಮನ ವಯಸ್ಸಿನ ಹೆಂಗಸರು ನೆಲದಿಂದ ಸಲೀಸಾಗಿ ಏಳುತ್ತಾರೆ ನಿಜ. ಅವರ ಕುತ್ತಿಗೆ, ಸೊಂಟದ ಕಥೆ ಕೇಳಿದರೆ ಆಸೆ ಹುಟ್ಟುವುದಿಲ್ಲ. ಬೇಕಾದದ್ದು ಆ ದುಡಿಮೆಯಲ್ಲ. ಅದರೊಳಗಿದ್ದ ಏಳುವುದು, ಎತ್ತುವುದು, ಹತ್ತುವುದು, ಅಷ್ಟೇ.

ಮಗ ಇನ್ನೊಂದು ಮಾತು ಎತ್ತಿದರು. "ಚಿಟ್ಟಾಣಿಯವರು 80 ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಅದೆಲ್ಲಾ ದೇವರು ಕೊಟ್ಟ ಶರೀರ ಅಲ್ವಾ?" ಇರಬಹುದು. ಆದರೆ 1933ರಲ್ಲಿ ಹುಟ್ಟಿದ ಆ ಹೊನ್ನಾವರದ ಯಕ್ಷಗಾನ ಕಲಾವಿದರು ಎಳೆಯ ವಯಸ್ಸಿನಲ್ಲಿ ಶುರು ಮಾಡಿದ ಕುಣಿತವನ್ನು ನಡುವೆ ಬಿಟ್ಟು, 70ರಲ್ಲಿ ಮತ್ತೆ ಹಿಡಿದವರಲ್ಲ. ಅವರ ಕಾಲಿನ ಮೇಲಿನ ಭಾರವನ್ನು ಯಾರೂ ಪ್ರೀತಿಯಿಂದ ಕಿತ್ತುಕೊಂಡಿರಲಿಲ್ಲ.

ಬಿಟ್ಟದ್ದನ್ನು ಮತ್ತೆ ಪಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ಹಳೆಯದೇ. 1990ರಲ್ಲಿ ಬೋಸ್ಟನ್ನಿನಲ್ಲಿ ವೃದ್ಧಾಶ್ರಮದ ಹತ್ತು ಜನರಿಗೆ, ಸರಾಸರಿ 90 ವಯಸ್ಸಿನವರಿಗೆ, ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ತೊಡೆಯ ಬಲ ಎರಡೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಅವರಿಗೆ ಆಗಿದ್ದರೆ 72ಕ್ಕೆ ಯಾಕೆ ಆಗಬಾರದು?

ಮಾಡಿದ್ದು

ಮೊದಲ ವಾರ ಕುರ್ಚಿಗೆ ಎರಡು ದಿಂಬು ಹಾಕಿ ಎತ್ತರ ಮಾಡಿದೆವು. ಕೈ ಊರದೆ ಏಳಲು ಸಾಧ್ಯವಾಗುವಷ್ಟು ಎತ್ತರ. ಎಂಟು ಸಲ, ವಿಶ್ರಾಂತಿ, ಮತ್ತೆ ಎಂಟು ಸಲ. ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು, ಅದೇ ಅಳತೆ. ಸುಲಭವಾದ ದಿನ ಒಂದು ದಿಂಬು ತೆಗೆಯುವುದು. ಹಿರಿಯರಿಗೆ ಅಂತ ಗಾಳಿಯಲ್ಲಿ ಕೈ ಬೀಸುವ, ಬೆರಳು ಮಡಚುವ ವ್ಯಾಯಾಮ ಹೇಳಿಕೊಟ್ಟು ಬರುವವರಿದ್ದಾರೆ. ಅದರಿಂದ ಕೀಲು ಸಡಿಲವಾಗಬಹುದು, ಬಲ ಬರುವುದಿಲ್ಲ. ಕಷ್ಟವಾಗದ ಕೆಲಸಕ್ಕೆ ಸ್ನಾಯು ಬದಲಾಗುವುದಿಲ್ಲ.

ಜೊತೆಗೆ ಮೆಟ್ಟಿಲು. ಅಪಾರ್ಟ್‌ಮೆಂಟಿನ ಮೆಟ್ಟಿಲಿನ ಮೊದಲ ಹಂತಕ್ಕೆ ಹತ್ತಿ ಇಳಿಯುವುದು, ಕಂಬಿ ಹಿಡಿದು. ಒಂದು ತಿಂಗಳ ನಂತರ ಒಂದು ಮಹಡಿ ಹತ್ತುವುದು, ಇಳಿಯಲು ಲಿಫ್ಟ್. ಇಳಿಯುವಾಗಲೇ ಮಂಡಿಗೆ ನೋವು ಜಾಸ್ತಿ, ಅದಕ್ಕೇ ಈ ಏರ್ಪಾಡು. ಭಾರಕ್ಕೆ ಎರಡು ಬಟ್ಟೆ ಚೀಲ, ಒಂದೊಂದರಲ್ಲಿ ಒಂದು ಕಿಲೋ ಅಕ್ಕಿ. ಎರಡೂ ಕೈಯಲ್ಲಿ ಹಿಡಿದು ಹಾಲ್‌ನಲ್ಲಿ ನಡೆಯುವುದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಅಡುಗೆಮನೆಯ ಮೂಲೆಯಲ್ಲಿ, ಎರಡು ಕಡೆ ಗೋಡೆ ಇರುವಲ್ಲಿ, ಪಾದದ ಮುಂದೆ ಪಾದ ಇಟ್ಟು ನಿಲ್ಲುವುದು. ಇದೆಲ್ಲಾ ವಾರಕ್ಕೆ ಮೂರು ದಿನ, ಅರ್ಧ ಗಂಟೆ.

ನೆಲದಿಂದ ಏಳುವ ಪಾಠವನ್ನು ಬೇರೆಯೇ ಮಾಡಿದೆವು. ಹೆಚ್ಚಿನವರು ನೇರ ನೆಲಕ್ಕೆ ಕೂರಿಸಿ ಏಳಿ ಅನ್ನುತ್ತಾರೆ. ಹೆದರಿಕೆ ಹುಟ್ಟಿಸಲು ಅಷ್ಟು ಸಾಕು. ನಾವು ಮೇಲಿನಿಂದ ಕೆಳಗೆ ಬಂದೆವು. ಮಂಚ, ಆಮೇಲೆ ಬಚ್ಚಲಿನ ಸ್ಟೂಲ್, ಆಮೇಲೆ ಮಡಚಿದ ಕಂಬಳಿಗಳ ಅಟ್ಟಿ, ಕೊನೆಗೆ ಚಾಪೆ. ಚಾಪೆಯಿಂದ ಏಳುವ ಕ್ರಮ ಹೀಗೆ: ಚಕ್ಕಳಮಕ್ಕಳದಿಂದ ನೇರ ಮೇಲೆ ಏಳಲು ಒದ್ದಾಡಬಾರದು. ಒಂದು ಪಕ್ಕಕ್ಕೆ ತಿರುಗಬೇಕು, ಅಂಬೆಗಾಲಿಗೆ ಬರಬೇಕು. ಎದುರಿಗೆ ಗಟ್ಟಿ ಕುರ್ಚಿ. ಅದರ ಮೇಲೆ ಎರಡೂ ಕೈ ಇಟ್ಟು, ಬಲ ಇರುವ ಕಾಲಿನ ಪಾದ ಮುಂದಕ್ಕೆ ಊರಿ, ಮೂಗು ಕುರ್ಚಿಯ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಮಂಡಿ ಊರುವ ಜಾಗಕ್ಕೆ ದಪ್ಪ ಟವೆಲ್. ಮನೆಯಲ್ಲಿ ಒಬ್ಬರೇ ಇದ್ದಾಗ ಬಿದ್ದರೆ ಏಳುವ ದಾರಿಯೂ ಇದೇ. ಹಾಗಾಗಿ ಬೀಳದವರೂ ಕಲಿತಿರಬೇಕು.

ಊಟದ ವಿಷಯದಲ್ಲಿ ಜಗಳವೇ ಆಯಿತು. ಅಮ್ಮನ ಊಟ ಅಂದ್ರೆ ಅನ್ನ, ತಂಬುಳಿ, ಉಪ್ಪಿನಕಾಯಿ. ಬೆಳಿಗ್ಗೆ ಎರಡು ತೆಳ್ಳೇವು, ಅಂದ್ರೆ ತೆಳು ದೋಸೆ. ರಾತ್ರಿ ಮತ್ತೆ ಅನ್ನ, ನೀರು ಮಜ್ಜಿಗೆ. ತಂಬುಳಿ ಹೊಟ್ಟೆಗೆ ತಂಪು, ಅದರಲ್ಲಿ ಪ್ರೋಟೀನ್ ಮಾತ್ರ ತೀರಾ ಕಡಿಮೆ. ಹಿರಿಯರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ಈ ವಿಷಯದ ತಜ್ಞರ ಗುಂಪೊಂದು 2013ರಲ್ಲಿ ಹೇಳಿದೆ. ಅಮ್ಮನ ತೂಕಕ್ಕೆ ಅದು 52ರಿಂದ 62 ಗ್ರಾಂ. ನಾವು ಕೂತು ಲೆಕ್ಕ ಹಾಕಿದರೆ 35ರ ಆಸುಪಾಸು ಬಂತು. ಮೀನು ತಿನ್ನುವವರಾದರೆ ದಿನಕ್ಕೆರಡು ಬಂಗಡೆ ಅಂದು ಕೈ ತೊಳೆದುಕೊಳ್ಳಬಹುದಿತ್ತು. ಇಲ್ಲಿ ದಾರಿ ಬೇರೆ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಗಟ್ಟಿ ತೊವ್ವೆ ಅಥವಾ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಸಂಜೆ ಹುರಿದ ಶೇಂಗಾ. ರಾತ್ರಿ ಬೇಳೆ ತಿಂದರೆ ಗ್ಯಾಸ್ ಅಂದರು. ಸರಿ, ರಾತ್ರಿಗೂ ಹಾಲು. ಬೆಳಿಗ್ಗೆಗೆ ಹೆಸರುಬೇಳೆ ದೋಸೆ ಸೊಸೆಯ ಉಪಾಯ. ಅದು ಮಾತ್ರ ಅಮ್ಮನಿಗೆ ನಿಜವಾಗಿ ಹಿಡಿಸಿತು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಮ್ಮನ ರಕ್ತ ಪರೀಕ್ಷೆ ಸರಿಯಿತ್ತು ಅಂತ ಗೊತ್ತಿದ್ದ ಮೇಲೆಯೇ ಹೇಳಿದ್ದು.

ನಡುವೆ ಬಂದ ತೊಡಕುಗಳು

ಎರಡನೇ ವಾರ ತೊಡೆಯೆಲ್ಲಾ ನೋವು. ಮಗ ಫೋನ್ ಮಾಡಿ ನಿಲ್ಲಿಸಿಬಿಡೋಣ್ವಾ ಅಂದರು. ಕೆಲಸ ಮಾಡಿದ ಸ್ನಾಯು ಎರಡು ದಿನ ನೋಯುವುದಕ್ಕೂ, ಕೀಲು ಊದಿಕೊಂಡು ರಾತ್ರಿ ಎಚ್ಚರವಾಗುವಷ್ಟು ನೋಯುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಮುಂದುವರಿಸಬೇಕು, ಎರಡನೆಯದಕ್ಕೆ ನಿಲ್ಲಿಸಿ ತೋರಿಸಬೇಕು. ಅಮ್ಮನದು ಮೊದಲನೆಯದು.

ಜೂನ್ ಬಂತು. ಕಾರವಾರದ ಮಳೆ ಗೊತ್ತಲ್ಲ, ಒಂದು ಸಲ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕಡಲತೀರದ ವಾಕಿಂಗ್ ನಿಂತಿತು. ಹಿಂದಿನ ವರ್ಷಗಳಲ್ಲಿ ಮಳೆಗಾಲ ಅಂದ್ರೆ ಮೂರು ತಿಂಗಳು ಟಿವಿ ಮುಂದೆ. ಈ ಸಲ ಮೆಟ್ಟಿಲು ಇತ್ತು. ಮಳೆಗಾಲದಲ್ಲೇ ಅಮ್ಮ ಒಂದರಿಂದ ಮೂರು ಮಹಡಿಗೆ ಏರಿದರು.

ಜುಲೈ ಕೊನೆಗೆ ಜ್ವರ. ಒಂದು ವಾರ ಹಾಸಿಗೆ. ಮನೆಯವರು ಎದ್ದೇಳಲು ಬಿಡಲಿಲ್ಲ, ನೀರನ್ನೂ ಮಂಚಕ್ಕೇ ತಂದುಕೊಟ್ಟರು. ಮತ್ತೆ ಅಳೆದಾಗ ಎಂಟು ಸಲ ಏಳುತ್ತಿದ್ದವರು ಐದಕ್ಕೆ ಬಂದಿದ್ದರು. ಇದೇನೂ ಆಶ್ಚರ್ಯವಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದರು. ಅಷ್ಟರಲ್ಲೇ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಜ್ವರ ಜೋರಿದ್ದಾಗ ವ್ಯಾಯಾಮ ಬೇಡವೇ ಬೇಡ. ಆದರೆ ಬಿಸಿ ಇಳಿದ ದಿನದಿಂದಲೇ ಊಟಕ್ಕೆ, ಬಚ್ಚಲಿಗೆ ಎದ್ದು ನಡೆಯಬೇಕು. ಮಂಚದ ಅಂಚಿನಲ್ಲಿ ನಾಲ್ಕು ಸಲ ಎದ್ದು ಕೂರಬೇಕು. ಎಲ್ಲ ಮನೆಗಳಲ್ಲೂ ನಾನು ಇದನ್ನು ಜಗಳ ಮಾಡಿಯೇ ಹೇಳುತ್ತೇನೆ. ಕಳೆದುಕೊಂಡದ್ದನ್ನು ತುಂಬಲು ಅಮ್ಮನಿಗೆ ಮೂರು ವಾರ ಹಿಡಿಯಿತು.

ಐದು ತಿಂಗಳಿಗೆ

ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ 11 ಸಲ. ಎದ್ದು ನಡೆದು ತಿರುಗಿ ಬರಲು 11 ಸೆಕೆಂಡ್. ಒಂದೇ ಗೆರೆಯಲ್ಲಿ 10 ಸೆಕೆಂಡ್ ಪೂರ್ತಿ ನಿಂತರು. ಚೀಲ ಒಂದೊಂದು ನಾಲ್ಕು ಕಿಲೋಗೆ ಏರಿತ್ತು. ನೆಲದಿಂದ ಏಳುವುದು, ಸ್ಟೂಲಿಗೆ ಒಂದು ಕೈ ಊರಿ. ಏನೂ ಹಿಡಿಯದೆ ಇನ್ನೂ ಆಗುವುದಿಲ್ಲ, ಆಗಲೇಬೇಕು ಅಂತಲೂ ಇಲ್ಲ. ಮೆಟ್ಟಿಲು ಇಳಿಯುವಾಗಿನ ಮಂಡಿ ನೋವು ಕಡಿಮೆಯಾಗಿದೆ, ಹೋಗಿಲ್ಲ. ಹಿಮ್ಮಡಿ ಎತ್ತುವುದನ್ನು ಬೇಜಾರು ಅಂತ ಬಿಟ್ಟಿದ್ದಾರೆ. ಟೆರೇಸಿನಲ್ಲಿ ಬಸಳೆ, ಹಾಗಲದ ಕುಂಡ ಇಟ್ಟಿದ್ದಾರೆ. ಅಲ್ಲಿಗೆ ನೀರಿನ ಕ್ಯಾನ್ ಹೊರುವುದು ಈಗ ಅವರದ್ದೇ ಕೆಲಸ. ವ್ಯಾಯಾಮ ಅಂದರೆ ಮುಖ ಸಿಂಡರಿಸುವವರು ಬಸಳೆಗೆ ನೀರು ಅಂದರೆ ಎರಡು ಸಲ ಹತ್ತುತ್ತಾರೆ.

ನವೆಂಬರಿನಲ್ಲಿ ಹೊಸ ಪಂಚಾಯ್ತಿ. ಕೊಯ್ಲಿಗೆ ಊರಿಗೆ ಹೋಗ್ತೇನೆ, ಮೈದುನನ ಮನೆಯಲ್ಲಿ ಒಂದು ತಿಂಗಳು ಇದ್ದು ಅಡಿಕೆ ಸುಲೀತೇನೆ ಅಂದರು ಅಮ್ಮ. ಮಗ ಸುತಾರಾಂ ಒಪ್ಪಲಿಲ್ಲ. ಬಿದ್ದರೆ? ಕೇಳಿದ್ದರಲ್ಲಿ ತಪ್ಪಿಲ್ಲ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಅದು ಸಣ್ಣ ವಿಷಯವಲ್ಲ. ಆದರೆ ಕಳಿಸದೇ ಇಟ್ಟುಕೊಂಡರೆ ಮತ್ತೆ ಅದೇ ಸೋಫಾ. ನಾನು ಅಮ್ಮನ ಪರ ನಿಂತೆ, ಕರಾರು ಹಾಕಿ. ಕೊಟ್ಟಿಗೆಗೆ ಹೋಗಕೂಡದು, ಅಲ್ಲಿ ನೆಲ ಯಾವಾಗಲೂ ಒದ್ದೆ. ಮಳೆಗಾಲದ ಹಾವಸೆ ಒಣಗದ ಅಂಗಳದ ಅಂಚಿನಲ್ಲಿ ನಡೆಯಬಾರದು. ಮನೆಯಿಂದ ದೂರ ಇರುವ ಬಚ್ಚಲಿಗೆ ರಾತ್ರಿ ಟಾರ್ಚ್ ಸಾಲದು, ದಾರಿಯುದ್ದಕ್ಕೂ ಲೈಟು ಬೇಕು. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ. ಮೆಟ್ಟುಗತ್ತಿಯ ಮುಂದೆ ನೆಲದ ಬದಲು ಗಿಡ್ಡ ಸ್ಟೂಲ್, ಅರ್ಧ ಗಂಟೆಗೊಮ್ಮೆ ಎದ್ದು ಒಂದು ಸುತ್ತು.

ಹೋಗಿ ಬಂದರು. ಬೀಳಲಿಲ್ಲ. ಗಿಡ್ಡ ಸ್ಟೂಲಿನ ಮಾತು ಎಷ್ಟು ಪಾಲಿಸಿದರೋ ಅನುಮಾನ, ಕೇಳಿದರೆ ನಕ್ಕರು. ಬಂದ ವಾರ ಅಳೆದಾಗ 12 ಸಲ ಎದ್ದರು.

ಇದನ್ನು ಓದಿ ಮನೆಯ ಹಿರಿಯರಿಗೆ ಇವತ್ತೇ ಶುರು ಮಾಡಿಸಲು ಹೊರಡುವವರಿಗೆ ಒಂದು ಮಾತು. ನಡೆದರೆ ಎದೆ ಹಿಡಿದ ಹಾಗಾಗುವವರು, ಎದ್ದ ಕೂಡಲೇ ಕಣ್ಣು ಕತ್ತಲೆ ಬರುವವರು, ಇತ್ತೀಚೆಗೆ ಬಿದ್ದವರು ಅಥವಾ ಆಪರೇಷನ್ ಆದವರು, ಮೂಳೆ ಟೊಳ್ಳಾಗಿ ಬೆನ್ನು ಬಾಗಿದವರು ಮೊದಲು ಡಾಕ್ಟರಿಗೆ ತೋರಿಸಲೇಬೇಕು. ಬೆನ್ನುಮೂಳೆ ಟೊಳ್ಳಾದವರಿಗೆ ಮುಂದೆ ಬಾಗಿ ಭಾರ ಎತ್ತುವುದು ಕೂಡದು. ಅಮ್ಮನಿಗೆ ಒಗ್ಗಿದ ಕ್ರಮ ಅವರಿಗೆ ಒಗ್ಗುವುದಿಲ್ಲ. ಉಳಿದವರು ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಶುರು ಮಾಡಬಹುದು. ಪಕ್ಕದಲ್ಲಿ ಒಬ್ಬರು ಇರಲಿ.

ಸದ್ಯ ಅಮ್ಮನ ಜೊತೆ ಮೆಟ್ಟಿಲು ಇಳಿಯುವ ಕೆಲಸ ನಡೆದಿದೆ. ಹತ್ತು ಸೆಂಟಿಮೀಟರ್ ದಪ್ಪದ ಹಲಗೆಯ ಮೇಲೆ ನಿಂತು, ಕಂಬಿ ಹಿಡಿದು, ಮೂರು ಎಣಿಸುವಷ್ಟು ನಿಧಾನಕ್ಕೆ ಒಂದು ಪಾದ ಕೆಳಗಿಡುವುದು. ಬಲಗಾಲಿಗೆ ಬಂದಿದೆ, ಎಡಗಾಲು ಇನ್ನೂ ಧೊಪ್ಪನೆ ಬೀಳುತ್ತದೆ. ಅದು ಸರಿಯಾಗುವ ತನಕ ಇಳಿಯಲು ಲಿಫ್ಟೇ.